ಸಂತೆಯ ಹಿಂದಿನ ದಿನದ ಊಟ

ಕಾಕಾನ ಹುಬ್ಬಿನ ಮೇಲೆ ಸದಾ ಬೆಳ್ಳಗೆ ಏನಾದರೊಂದು ಅಂಟಿಕೊಂಡಿರುತ್ತಿತ್ತು. ಪಾಳಿ ಮುಗಿಸಿ ಬಂದಾಗ ಅದು ಹತ್ತಿಯ ಎಳೆ. ಒಲೆಯ ಮುಂದೆ ಕೂತು ಎದ್ದಾಗ ಜೋಳದ ಹಿಟ್ಟು. ಎರಡನ್ನೂ ಒರೆಸಿಕೊಳ್ಳುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಮಗಳು ತೊಡೆಯೇರಿ ಕೂತು ಅದನ್ನು ಉಗುರಿನಿಂದ ಬಿಡಿಸಿ, ನಾಲಿಗೆಗೆ ಹಚ್ಚಿ ನೋಡಿ, "ಇದು ಹಿಟ್ಟು", "ಇದು ಹತ್ತಿ" ಎಂದು ತೀರ್ಪು ಕೊಡುತ್ತಿದ್ದಳು. ತೀರ್ಪು ಮುಗಿಯುವತನಕ ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಅವರು ನಮಗೆ ರಕ್ತಸಂಬಂಧದ ಕಾಕಾ ಅಲ್ಲ. ಇಚಲಕರಂಜಿಯ ಶಹಾಪುರದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು. ನನ್ನ ಗಂಡ ದುಡಿಯುತ್ತಿದ್ದ ಶೆಡ್ಡಿನಲ್ಲೇ ಪವರ್‌ಲೂಮ್ ನಡೆಸುತ್ತಿದ್ದರು. ಗಂಡ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ ನಾನು ಮದುವೆಯಾಗಿ ಆ ಚಾಳಿಗೆ ಬಂದಾಗ ಅವರ ಹೆಂಡತಿ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಎರಡನೇ ಬಸಿರಿನಲ್ಲಿ ಬಹಳ ದಿನ ಹಾಸಿಗೆ ಹಿಡಿದಿದ್ದ ಆಕೆ ಮಲಗಿದಲ್ಲಿಂದಲೇ ಗಂಡನಿಗೆ ಅಡುಗೆ ಹೇಳಿಕೊಟ್ಟಿದ್ದಳಂತೆ. ಹೆರಿಗೆಯಲ್ಲಿ ಕೂಸೂ ಉಳಿಯಲಿಲ್ಲ, ಆಕೆಯೂ ಉಳಿಯಲಿಲ್ಲ. ಉಳಿದದ್ದು ಐದು ವರ್ಷದ ಹುಡುಗಿ ಮತ್ತು ಕಾಕಾನ ಕೈಗೆ ಹತ್ತಿದ ಆ ಅಡುಗೆ.

ನಾನು ನಾಂದಣಿ ಕಡೆಯ ಒಕ್ಕಲು ಮನೆಯ ಹುಡುಗಿ. ತವರಿನಲ್ಲಿ ಕಾಳು, ಕಾಯಿಪಲ್ಲೆ ಎಲ್ಲ ಹೊಲದಿಂದಲೇ ಬರುತ್ತಿತ್ತು. ಅಂಗಡಿಯಿಂದ ತರುತ್ತಿದ್ದುದು ಉಪ್ಪು, ಎಣ್ಣೆ. ಸಂತೆಯ ದಿನ ಕೈಗೆ ಬರುವ ಪಗಾರವನ್ನು ಇಡೀ ವಾರಕ್ಕೆ ಹಂಚುವ ವಿದ್ಯೆ ನನಗೆಲ್ಲಿಂದ ಬರಬೇಕು? ಮೊದಲ ಸಂತೆಯಲ್ಲಿ ಬದನೆಕಾಯಿ, ಬೆಂಡೆಕಾಯಿ, ಹಸಿ ಬಟಾಣಿ, ಮೇಲೆ ಗಂಡನಿಗೆ ಇಷ್ಟವೆಂದು ಬೆಣ್ಣೆ, ಎಲ್ಲ ಚೀಲಕ್ಕೆ ತುಂಬಿಸಿಕೊಂಡು ದೊಡ್ಡ ಸಾವಕಾರ್ತಿಯ ಹಾಗೆ ಮನೆಗೆ ಬಂದೆ. ಎರಡು ದಿನ ಮದುವೆ ಮನೆಯ ಊಟ ನಡೆಯಿತು. ಮುಂದಿನ ಸಂತೆಯ ಹಿಂದಿನ ದಿನ ಒಣ ರೊಟ್ಟಿ, ಖಾರದಪುಡಿ, ನೀರು. ಗಂಡ ಅದನ್ನೇ ಉಂಡು ಪಾಳಿಗೆ ಹೋದರು. ಬೈದಿದ್ದರೆ ವಾಸಿಯಿತ್ತು. ನಾನು ಬಾಗಿಲಲ್ಲಿ ಕೂತು ಅತ್ತೆ.

ಅದೇ ಹೊತ್ತಿಗೆ ಪಕ್ಕದ ಖೋಲಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಸ್ವಲ್ಪ ಹೊತ್ತಿಗೆ ಹುಡುಗಿ ಒಂದು ತಾಟು ಹಿಡಿದು ಬಂದಳು. ಹುರಳಿಯ ಕಟ್ಟಿನ ಸಾರು, ಅದೇ ಹುರಳಿಯ ಪಲ್ಲೆ, ಹೀರೇಕಾಯಿ ಸಿಪ್ಪೆಯ ಚಟ್ನಿ, ಕೊನೆಗೆ ಒಂದು ಮುಷ್ಟಿ ಬೆಲ್ಲದ ಮಾದಲಿ. ಇಡೀ ಚಾಳು ನೀರು ಕುಡಿದು ಮಲಗುವ ದಿನ ಈ ಮನೆಯಲ್ಲಿ ಸಿಹಿಯೂಟ ಹೇಗೆ ಎಂದು ಮರುದಿನ ನಾಚಿಕೆ ಬಿಟ್ಟು ಕೇಳಿದೆ.

"ಪಗಾರದ ದಿನಾ ಎಲ್ಲಾರೂ ಹಬ್ಬಾ ಮಾಡ್ತಾರ ತಂಗಿ," ಅಂದರು ಕಾಕಾ. "ಅವತ್ತ ಕಿಸೆದಾಗ ರೊಕ್ಕ ಇರ್ತಾವ, ಖಾರಾ ರೊಟ್ಟಿ ತಿಂದ್ರೂ ಮನಸ್ಸು ತುಂಬಿರ್ತೈತಿ. ಏನೂ ಇರದ ದಿನಾ ಚಲೋ ಊಟಾ ಆಗಬೇಕು. ಕೂಸಿನ ಹೊಟ್ಟಿಗೆ ಇವತ್ತ ಯಾವ ವಾರ ಅಂತ ಗೊತ್ತಾಗಬಾರದು."

ಆಮೇಲೆ ಅವರ ಜೊತೆಗೇ ಸಂತೆಗೆ ಹೋಗತೊಡಗಿದೆ. ಹೊತ್ತು ಇಳಿದ ಮೇಲೆ ಹೋಗಬೇಕು. ಮೊದಲು ಸೊಪ್ಪು ಮುಗಿಸಬೇಕು, ಆಮೇಲೆ ಕಾಯಿ, ವಾರ ಮುಗಿಯುವ ಹೊತ್ತಿಗೆ ನೆನೆಹಾಕಿದ ಕಾಳು ಮೊಳಕೆ ಬಂದು ಕಾಯುತ್ತಿರಬೇಕು. ಬೆಲ್ಲದ ಅಂಗಡಿಯಲ್ಲಿ ಅಚ್ಚಿನ ಪೆಂಟೆ ಕೇಳದೆ ತಳದ ಪುಡಿ ಕೇಳಬೇಕು. ಮೂಲಂಗಿ ಮಾರುವವಳು ಸೊಪ್ಪು ಕಿತ್ತು ಎಸೆಯುತ್ತಿದ್ದರೆ ಕಾಕಾ ಅವಸರದಿಂದ, "ಮಾವಶಿ, ಪಾಲಾ ಟಾಕೂ ನಕಾ," ಎಂದು ಮರಾಠಿಯಲ್ಲಿ ಸೊಪ್ಪು ಎಸೆಯಬೇಡವೆಂದು ಕೈಯೊಡ್ಡುತ್ತಿದ್ದರು. ನನಗೆ ಮೊದಮೊದಲು ಸಂಕೋಚ. "ಕಾಕಾ, ಆಡಿಗೂ ಒಂಚೂರ ಉಳಸ್ರಿ," ಎಂದು ಚುಡಾಯಿಸಿದೆ. "ಆಡು ಯಾವತ್ತಾರ ಉಪಾಸ ಬಿದ್ದದ್ದು ನೋಡೀಯೇನು?" ಎಂದು ನಕ್ಕರು.

ರೊಟ್ಟಿ ಬಡಿಯುವುದನ್ನೂ ನನಗೆ ಕಲಿಸಿದ್ದು ಅವರೇ. ನನ್ನ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಹಿಟ್ಟಿಗೆ ಕುದಿನೀರು ಎಷ್ಟು, ನಾದುವುದು ಎಷ್ಟು ಎಲ್ಲ ಹೇಳಿ, ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರು ಸವರುವುದನ್ನು ತೋರಿಸಿದರು. ಇಡೀ ಅಂಗೈ ಅಲ್ಲ, ಮೂರು ಬೆರಳು, ನಡುವಿನಿಂದ ಅಂಚಿಗೆ. ಬೆಂದ ಮೇಲೂ ಆ ಬೆರಳಿನ ಗೆರೆ ತೆಳುವಾಗಿ ಉಳಿಯುತ್ತಿತ್ತು. "ನಮ್ಮಾಕಿ ಕಲಿಸಿದ್ದು. ಆಕಿಗೆ ಅವರವ್ವ," ಅಂದರು. ಕೆಲವೇ ತಿಂಗಳಲ್ಲಿ ನನ್ನ ಬುಟ್ಟಿಯ ರೊಟ್ಟಿ ಯಾವುದು, ಅವರ ಬುಟ್ಟಿಯದು ಯಾವುದು ಎಂದು ನನಗೇ ತಿಳಿಯದಷ್ಟು ಒಂದೇ ಥರ ಆದವು. ಅದು ನನಗೆ ದೊಡ್ಡ ಹೆಮ್ಮೆ.

ಆ ಅವ್ವ, ಅಂದರೆ ಕಾಕಾನ ಅತ್ತೆ, ಗಡಹಿಂಗ್ಲಜದ ಹತ್ತಿರದ ನೂಲದವಳು. ಗಂಡಸು ಒಲೆ ಊದುವ ಮನೆಯಲ್ಲಿ ಹೆಣ್ಣುಕೂಸು ಬೆಳೆಯಬಾರದು, ನಮಗೆ ಕೊಡಿ ಎಂದು, ತನ್ನ ಮಗಳನ್ನು ಮಣ್ಣು ಮಾಡಿದ ದಿನವೇ ಹಟ ಹಿಡಿದಿದ್ದಳು. "ಹುಡುಗಿ ಸೊರಗಿದ್ರ ಕರಕೊಂಡ ಹೋಗ್ರಿ ಅತ್ತಿ, ಅಲ್ಲೀ ತನಕ ನನ್ನ ಹತ್ರ ಇರಲಿ," ಎಂದು ಕಾಕಾ ಕೈಮುಗಿದು ಉಳಿಸಿಕೊಂಡಿದ್ದರು. ಅವರು ಆಯುತ್ತಿದ್ದ ಒಂದೊಂದು ಸೊಪ್ಪಿನ ಎಲೆಯೂ ಆ ಮಾತಿಗಾಗಿ. ಮಗಳ ಕೆನ್ನೆ ತುಂಬಿಕೊಂಡಿದ್ದರೆ ಮಗಳು ಉಳಿಯುತ್ತಾಳೆ, ಅಷ್ಟೇ ಅವರ ಲೆಕ್ಕ.

ಮರುವರ್ಷ ಒಂದು ಮಧ್ಯಾಹ್ನ ಹುಡುಗಿಯ ಈ ಅಜ್ಜಿ ಹೇಳದೆ ಕೇಳದೆ ಬಂದಳು. ಬಂದದ್ದು ಸಂತೆಯ ಹಿಂದಿನ ದಿನ. ನೇಕಾರರ ಮನೆಯ ಡಬ್ಬಿಗಳನ್ನು ಯಾವತ್ತು ತೆರೆದು ನೋಡಬೇಕು ಎಂಬುದು ಆಕೆಗೆ ಗೊತ್ತಿತ್ತು. ಕಾಕಾ ಇನ್ನೂ ಪಾಳಿಯಲ್ಲಿದ್ದರು. ಹುಡುಗಿ ಖುಷಿಯಿಂದ ತಾಟು ಹಾಕಿ, ಅಪ್ಪ ಮಾಡಿಟ್ಟುಹೋದದ್ದನ್ನೆಲ್ಲ ಬಡಿಸಿದಳು. ಅಜ್ಜಿ ಮೊಮ್ಮಗಳ ತೋಳು ಹಿಚುಕಿ ನೋಡಿದಳು, ದುಂಡಗಿತ್ತು. ಉಣ್ಣತೊಡಗಿದಳು. ರೊಟ್ಟಿ ಮುರಿಯಲು ಹೋದ ಕೈ ಅದರ ಮೇಲಿನ ಗೆರೆ ನೋಡಿ ನಿಂತಿತು. ನಾನು ನಮ್ಮ ಹೊಸ್ತಿಲಿನಿಂದ ನೋಡುತ್ತಿದ್ದೆ.

ಕಾಕಾ ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದಳು. "ಅಡಗಿ ಯಾರ ಮಾಡ್ಯಾರ್ರೀ?"

"ನಾನ ಮಾಡೇನ್ರಿ ಅತ್ತಿ."

"ಹೆಣ್ಣ ಕೊಟ್ಟಾಕಿಗೆ ಸುಳ್ಳ ಹೇಳಬ್ಯಾಡ್ರಿ. ಗಂಡಸರ ಕೈಯಾಗ ಇಂಥಾ ರೊಟ್ಟಿ ಆಗೂದಿಲ್ಲ. ಇದು ನನ್ನ ಮಗಳ ಕೈ. ನನ್ನ ಮಗಳ ಒಲಿ ಮುಂದ ಯಾವಾಕೀನೋ ಬಂದು ಕುಂತಾಳ, ಆಕಿ ಕೈ ಸುದ್ದಾ ಕಲತಾಳ."

ನನಗೆ ಬಾಯಿ ಕಟ್ಟಿಕೊಂಡು ಕೂರುವುದು ಇವತ್ತಿಗೂ ಬರುವುದಿಲ್ಲ. ನ್ಯಾಯ ಹೇಳಲು ಹೋದೆ. "ಇಲ್ಲ ಅಜ್ಜಿ, ಕಾಕಾನ ಮಾಡ್ತಾರ್ರೀ. ನನಗೂ ಅವರ ಕಲಿಸ್ಯಾರ. ಬೇಕಾದ್ರ ಬಂದು ನೋಡ್ರಿ."

ಅಜ್ಜಿ ಎದ್ದು ಬಂದು ನಮ್ಮ ಬುಟ್ಟಿಯ ಅರಿವೆ ಸರಿಸಿದಳು. ಅದೇ ರೊಟ್ಟಿ, ಅದೇ ಮೂರು ಗೆರೆ. ರೊಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಕೈಯ ಹಸಿರು ಬಳೆ ನೋಡಿದಳು. "ಹೌದವ್ವಾ, ನೋಡಿದೆ," ಅಂದಳು. ಅಕ್ಕಪಕ್ಕದ ಒಂದೆರಡು ಬಾಗಿಲು ಆಗಲೇ ಅರ್ಧ ತೆರೆದಿದ್ದವು.

ಕಾಕಾ ಅಷ್ಟರಲ್ಲಿ ಹಿಟ್ಟು ನಾದುವ ಪರಾತಿಯನ್ನು ಮುಂದಕ್ಕೆ ಎಳೆದುಕೊಂಡಿದ್ದರು, ಅತ್ತೆಯ ಕಣ್ಣೆದುರಿಗೇ ಬಡಿದು ತೋರಿಸೋಣವೆಂದು. "ಏಳ್ರಿ. ನನ್ನ ಮುಂದ ಅಳಿಯಾ ಒಲಿ ಮುಂದ ಕುಂದ್ರೂದು ನಾ ನೋಡಂಗಿಲ್ಲ," ಎಂದಳು ಅಜ್ಜಿ. ಆಮೇಲೆ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಅಂದಳು. ಹಗಲು ಹೊತ್ತು ಮಗ್ಗದ ಸದ್ದಿನಲ್ಲಿ ಶಹಾಪುರದಲ್ಲಿ ತಗ್ಗಿದ ದನಿ ಯಾರಿಗೂ ಕೇಳುವುದಿಲ್ಲ. ಕಾಕಾ ಪರಾತಿಯನ್ನು ಗೋಡೆಗೆ ಒರಗಿಸಿಟ್ಟರು. "ತಂಗಿ, ನೀ ಒಳಗ ಹೋಗು," ಅಂದರು ನನಗೆ.

ಸಂಜೆಯ ಬಸ್ಸಿಗೆ ಹುಡುಗಿ ಹೋದಳು. ತಡೆಯಲಾರದೆ ಮಾರನೇ ದಿನ, ಯಾಕೆ ಕಳಿಸಿದಿರಿ ಎಂದು ಕೇಳಿದೆ. "ಹೆಣ್ಣ ಹುಡುಗಿ. ಅಜ್ಜಿ ಕೈಯಾಗ ಇರೂದ ಚಲೋ," ಅಂದರು. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರಲ್ಲ ಎಂದು ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು.

ಅಂದಿನಿಂದ ಅವರ ಒಲೆ ಹೊತ್ತಲಿಲ್ಲ. ಮೂಲಂಗಿ ಸೊಪ್ಪಿಗೆ ಕೈಯೊಡ್ಡುತ್ತಿದ್ದ ಮನುಷ್ಯ ಖಾನಾವಳಿಯಲ್ಲಿ ಹಾಕಿದ್ದು ಉಂಡು ಬರತೊಡಗಿದರು. ಒಬ್ಬನ ಸಲುವಾಗಿ ಯಾಕೆ ಒಲೆ ಹೊತ್ತಿಸಲಿ ಅನ್ನುತ್ತಿದ್ದರು. ನಾನು ಸಂತೆಯ ಹಿಂದಿನ ದಿನ ತಾಟು ಕಳಿಸಿದರೆ ಬೇಡವೆನ್ನದೆ ಉಣ್ಣುತ್ತಿದ್ದರು, ಆದರೆ ರುಚಿಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಸುಗ್ಗಿಗೋ ದೀಪಾವಳಿಗೋ ನೂಲಕ್ಕೆ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದರು. ಅವಳಿಗೆ ಹದಿನಾಲ್ಕು ತುಂಬುವ ಮೊದಲೇ ಅಜ್ಜಿ ಮದುವೆ ಮಾಡಿದಳು. ಅಕ್ಷತೆಯ ಅಕ್ಕಿಕಾಳು ಹಾಕಲಷ್ಟೇ ಕಾಕಾನನ್ನು ಕರೆದಿದ್ದರು.

ಮದುವೆಯ ಮರುವರ್ಷ ಅಜ್ಜಿಗೆ ಹೊಟ್ಟೆಯ ಬೇನೆಯಾಗಿ ಕೊಲ್ಲಾಪುರದ ದವಾಖಾನೆಗೆ ತಂದು ಹಾಕಿದರು. ಬಿತ್ತುವ ಕಾಲ, ಆಕೆಯ ಗಂಡುಮಕ್ಕಳು ಊರಿಗೆ ತಿರುಗಿದರು. ಸುದ್ದಿ ತಿಳಿದ ಕಾಕಾ ಪಾಳಿ ಬಿಟ್ಟು ಹೊರಟರು. ಹೆಂಗಸರ ವಾರ್ಡಿಗೆ ಗಂಡಸರನ್ನು ಹೊತ್ತು ಹೊತ್ತಿಗೆ ಬಿಡುವುದಿಲ್ಲವಾದ್ದರಿಂದ ನನ್ನ ಗಂಡನನ್ನು ಕೇಳಿ ನನ್ನನ್ನೂ ಕರೆದೊಯ್ದರು. ಅಲ್ಲಿ ರೋಗಿಗಳ ಮನೆಯವರು ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ವರ್ಷಗಳಾದ ಮೇಲೆ ಕಾಕಾ ಮತ್ತೆ ಒಲೆಯ ಮುಂದೆ ಕೂತರು. ನುಚ್ಚಿನ ಗಂಜಿ, ಕಟ್ಟಿನ ಸಾರಿನಲ್ಲಿ ನೆನೆಸಿದ ಮೆತ್ತನೆ ರೊಟ್ಟಿ. ಒಳಗೆ ಒಯ್ದು ತಿನ್ನಿಸುತ್ತಿದ್ದವಳು ನಾನು.

ಅಜ್ಜಿ ಮೊದಲೆರಡು ದಿನ ನನ್ನ ಕಡೆ ನೋಡದೆ ಉಂಡಳು. ಆಮೇಲೆ ಮೆಲ್ಲಗೆ, "ನಿನ್ನ ಕೈ ಊಟಾ ನಾ ಮೊದಲೂ ಉಂಡೇನಿ. ಯಾರ ಏನರ ಅನ್ನಲಿ, ರುಚಿ ಐತಿ," ಅಂದಳು. ನಾನು ಆಕೆಯ ತೋಳು ಹಿಡಿದು ಎಬ್ಬಿಸಿ ಕಿಟಕಿಯ ಹತ್ತಿರ ನಿಲ್ಲಿಸಿದೆ.

ಕೆಳಗೆ ಬೇವಿನ ಮರದಡಿ ಕಾಕಾ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು. ಬಡಿದರು, ಎತ್ತಿ ಹಂಚಿಗೆ ಹಾಕಿದರು, ಮೂರು ಬೆರಳು ನೀರಿಗೆ ಅದ್ದಿ ನಡುವಿನಿಂದ ಅಂಚಿಗೆ ಸವರಿದರು. ಅಜ್ಜಿ ಕಿಟಕಿಯ ಸರಳು ಹಿಡಿದು, ಆ ರೊಟ್ಟಿ ಬೆಂದು ಅರಿವೆಯೊಳಗೆ ಹೋಗುವತನಕ ನೋಡಿದಳು. ತಿರುಗಿದಾಗ ನನ್ನ ಕೈ ಬಿಡಲಿಲ್ಲ.

ಸಂಜೆ ಭೇಟಿಯ ಹೊತ್ತಿಗೆ ಕಾಕಾ ಬಂದರು. ಅಳಿಯನನ್ನು ಎಂದೂ ಏಕವಚನದಲ್ಲಿ ಕರೆಯದವಳು ಅವತ್ತು ಮಗನಿಗೆ ಅಂದ ಹಾಗೆ ಅಂದಳು. "ಯಾಕೋ ಯಪ್ಪಾ, ಹಿಂಗ ಮಾಡಿದಿ? ಈಕಿ ಗಂಡ ಪಾಳಿಯಿಂದ ಬರಲಿ, ಅವನ್ನ ನಿಂದರಿಸಿ ಕೇಳ್ತೇನಿ ಅಂದಕೂಡ್ಲೇ ಹುಡುಗೀ ಕೈ ಬಿಟ್ಟಿ. ಅದಕ್ಕ ನಾ ಖರೇನ ಅಂತ ತಿಳದ್ನಿ."

ನನಗೆ ತಿಳಿದದ್ದೂ ಅವತ್ತೇ. ತಗ್ಗಿದ ದನಿಯಲ್ಲಿ ಆಕೆ ಆಡಿದ್ದು ಆ ಮಾತು.

"ಕೇಳಿದ್ರ ಇವಳ ಸಂಸಾರ ಒಡೀತಿತ್ರಿ ಅತ್ತಿ," ಅಂದರು ಕಾಕಾ. "ಹೊಸಾ ಮದವಿ. ನನ್ನ ಮಗಳಿಗರ ಉಣ್ಣಾಕ ನೀವ ಇದ್ರಿ."

"ಈಗ ತಿರುಗಿ ಕೊಡತೇನಂದ್ರ ಹುಡುಗಿ ನನ್ನ ಹತ್ರ ಇಲ್ಲಪಾ."

"ಊಟಾ ಮಾಡ್ರಿ," ಅಂದರು ಕಾಕಾ. "ಆರತೈತಿ."

ಅಜ್ಜಿ ಆ ಮಳೆಗಾಲ ದಾಟಲಿಲ್ಲ. ಕಾಕಾನ ಎದೆಯಲ್ಲೂ ಹತ್ತಿಯ ಧೂಳು ಕೂತು ದಮ್ಮು ಹಿಡಿದಿತ್ತು. ಎರಡು ವರ್ಷ ಎಳೆದು, ನಮ್ಮ ಪಕ್ಕದ ಅದೇ ಖೋಲಿಯಲ್ಲಿ ಹೋದರು. ಮಣ್ಣು ಮಾಡಿ ಬಂದ ಮೇಲೆ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನಮ್ಮ ಮನೆಯಿಂದ ರೊಟ್ಟಿ ಪಲ್ಲೆ ಒಯ್ದು ಕಾಕಾನ ಮಗಳ ಮುಂದೆ ಇಟ್ಟೆ. ಕಂಕುಳಲ್ಲಿ ಕೂಸು, ಕೋಲಿನಂಥ ಕೈ. ಅರ್ಧ ರೊಟ್ಟಿ ಉಂಡು ಕೈ ತೊಳೆಯಲು ಎದ್ದಳು. ಹಾಲೂಡಿಸುವವರು ಇಷ್ಟಕ್ಕೇ ಏಳುತ್ತಾರೆಯೇ ಎಂದು ಗದರಿ ಕೂರಿಸಿದೆ.

"ರೂಢಿ ಆಗೇತ್ರಿ ವೈನಿ," ಅಂದಳು. ಆಮೇಲೆ ಕೇಳಿದಳು. "ಅಪ್ಪ ನನ್ನ ಯಾಕ ಕಳಿಸಿದ? ನಿಮಗೇನರ ಹೇಳಿದ್ನೇನ್ರಿ?"

ಹೇಳಿದೆ. ಮುಚ್ಚಿಡದೆ ಎಲ್ಲ ಹೇಳಿದೆ. ನನ್ನ ಮರ್ಯಾದೆ ಉಳಿಯಲಿ ಅಂತ ಕಳಿಸಿದರು, ನನ್ನ ಇಷ್ಟು ವರ್ಷದ ಸಂಸಾರ ನೀನು ಅಪ್ಪನಿಲ್ಲದೆ ಕಳೆದ ವರ್ಷಗಳ ಮೇಲೆ ನಿಂತಿದೆ ಎಂದು ಅಂದೆ. ಬೈಯಲಿ, ಎದ್ದು ಹೋಗಲಿ ಎಂದುಕೊಂಡಿದ್ದೆ. ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

"ಹಂಗೇನ್ರಿ? ನಾ ಭಾಳ ಉಣ್ತೇನಂತ ಕಳಿಸ್ಯಾನ ಅಂತ ತಿಳದಿದ್ನಿ. ಬಸ್ಸಿನ್ಯಾಗ ಅಳಾಕತ್ತಾಗ ಅಜ್ಜಿ ಅಂದಿದ್ಲು, ನಿಮ್ಮಪ್ಪನ ಪಗಾರದಾಗ ಇಬ್ಬರ ಹೊಟ್ಟಿ ತುಂಬಂಗಿಲ್ಲಂತ. ಅವತ್ತಿನಿಂದ ಅರ್ಧಾ ರೊಟ್ಟಿಗೇ ಏಳಾಕ ಕಲತೆ. ಈಗ ಕಡಿಮಿ ಉಣ್ತೇನಂತ ಅಪ್ಪಗ ಗೊತ್ತಾದ್ರ ತಿರುಗಿ ಕರಸ್ಕೊಂತಾನ ಅಂತ."

ಉಳಿದರ್ಧ ರೊಟ್ಟಿ ತಾಟಿನಲ್ಲೇ ಇತ್ತು.