ಗೆಳತಿಯರ ಪಾಲಿನ ಹೋಳಿಗೆ

ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಲ್ಲಿ ಮುಂದಿನ ಹಲ್ಲು ಬಿದ್ದವಳಿಗಿಂತ ಒಂದೆರಡು ವರ್ಷ ದೊಡ್ಡವಳಿದ್ದಾಗ, ನನಗೆ ಮೂವರು ಗೆಳತಿಯರಿದ್ದಾರೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೆ. ಒಬ್ಬಳೂ ಇರಲಿಲ್ಲ.

ಅಪ್ಪನಿಗೆ ನಿಪ್ಪಾಣಿಯಿಂದ ವರ್ಗವಾಗಿ ನಾವು ಅಥಣಿ ಹತ್ತಿರದ ಅನಂತಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ನಿಪ್ಪಾಣಿಯಲ್ಲಿ ನಾನು ಓದಿದ್ದು ಮರಾಠಿ ಶಾಲೆಯಲ್ಲಿ, ಇಲ್ಲಿ ಕನ್ನಡ ಶಾಲೆ. ಬಾಯಿ ತೆರೆದರೆ ಎರಡೂ ಭಾಷೆ ಕಲಸುಮೇಲೋಗರವಾಗಿ ಬರುತ್ತಿದ್ದವು. ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಹಾಗಾಗಿ ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ಅವ್ವ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳುತ್ತಿದ್ದವಳು ಅಕ್ಕ. ಅವಳು ದಿನಾ ಸಂಜೆ, "ಯಾರರ ಗೆಳತ್ಯಾರು ಆದ್ರೇನ?" ಎಂದು ಕೇಳುತ್ತಿದ್ದಳು. ಅವಳ ಸಪ್ಪೆ ಮುಖ ನೋಡಲಾಗದೆ ಒಂದು ದಿನ ಮೂವರು ಎಂದುಬಿಟ್ಟೆ.

ಚಳಿಗಾಲ ಮುಗಿಯುವ ಹೊತ್ತಿಗೆ ಗುರೂಜಿ ನಮ್ಮ ತರಗತಿಯನ್ನು ನಾಲ್ಕು ಮೈಲಿ ಆಚೆಯ ಹಳ್ಳದ ದಂಡೆಗೆ ನಡೆಸಿಕೊಂಡು ಹೋಗುತ್ತೇನೆ ಎಂದರು. ಬುತ್ತಿ ಕಟ್ಟಿಕೊಳ್ಳಿ, ತಲೆಗೆ ಬಟ್ಟೆ ಇರಲಿ, ಮುಚ್ಚಳದ ತಂಬಿಗೆಯಲ್ಲಿ ನೀರಿರಲಿ, ಕಾಲಿಗೆ ಹಳೆಯ ಚಪ್ಪಲಿಯೇ ಇರಲಿ ಎಂದು ಒತ್ತಿ ಹೇಳಿದರು. ನಾನು ಉಳಿದದ್ದೆಲ್ಲ ಕೇಳಿದೆ, ಕೊನೆಯ ಮಾತೊಂದನ್ನು ಬಿಟ್ಟು. ಹಿಂದಿನ ದಿನವಷ್ಟೇ ಅಪ್ಪ ಅಥಣಿಯಿಂದ ನನಗೆ ಹೊಸ ಚಪ್ಪಲಿ ತಂದಿದ್ದರು. ಬೆಲ್ಲದ ಬಣ್ಣ, ಹಸಿ ತೊಗಲಿನ ವಾಸನೆ, ಹೆಜ್ಜೆಗೊಮ್ಮೆ ಕರ್ರ್ ಎನ್ನುವ ಸದ್ದು. ಆ ಸದ್ದಿಗೆ ಯಾರಾದರೂ ತಿರುಗಿ ನೋಡಿಯೇ ನೋಡುತ್ತಾರೆ, ನೋಡಿದವರು ಮಾತಾಡಿಸುತ್ತಾರೆ, ಮಾತಾಡಿಸಿದವರು ಊಟಕ್ಕೆ ಪಕ್ಕದಲ್ಲಿ ಕೂಡುತ್ತಾರೆ. ನನ್ನ ಲೆಕ್ಕ ಅಷ್ಟೇ ಇತ್ತು.

ಅಕ್ಕ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಳು. "ಹೊಸಾ ಚಪ್ಪಲ ಎಂಟ್ ದಿನ ಎಣ್ಣಿ ಕುಡೀಬೇಕವಾ. ಹಂಗ ಹಾಕ್ಕೊಂಡ್ರ ಕಚ್ಚತಾವ."

ಎಣ್ಣೆ ಹಚ್ಚಿದರೆ ಬಣ್ಣ ಕಪ್ಪಾಗುತ್ತದೆ, ಸದ್ದೂ ಹೋಗುತ್ತದೆ. ನಾನು ಚಪ್ಪಲಿಯನ್ನು ಎದೆಗೆ ಅವುಚಿಕೊಂಡು ಓಡಿದೆ. ನನ್ನ ಹಟದ ಮುಂದೆ ಅವಳದು ನಡೆಯುತ್ತಿರಲಿಲ್ಲ. ಬೆಳಗ್ಗೆ ಎದ್ದು ಅವಳು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿ, ಮೇಲೆ ನಾಲ್ಕು ಶೇಂಗಾ ಹೋಳಿಗೆ ಇಟ್ಟಳು. "ಒಂದ್ ನಿನಗ, ಮೂರ್ ಗೆಳತ್ಯಾರಿಗೆ," ಎಂದಳು.

ಊರು ದಾಟಿ ಕಬ್ಬಿನ ಗದ್ದೆಯ ಬದುವಿಗೆ ಇಳಿಯುವಾಗ ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ನಿಜಕ್ಕೂ ತಿರುಗಿ ನೋಡಿದಳು. "ಚಪ್ಪಲ ಮಸ್ತ್ ಅದಾವಲಾ!" ಎಂದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅರ್ಧ ಮೈಲಿ ಅವಳ ಜೊತೆಜೊತೆಗೇ ನಡೆದೆ.

ಆಮೇಲೆ ಚಪ್ಪಲಿ ಕಚ್ಚತೊಡಗಿತು. ಮೊದಲು ಹಿಮ್ಮಡಿ, ಆಮೇಲೆ ಹೆಬ್ಬೆರಳಿನ ಸಂದು. ಬೊಬ್ಬೆ ಎದ್ದು ಒಡೆದು ಉರಿ ಹತ್ತಿತು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದರೆ ನೆಗ್ಗಿಲು ಮುಳ್ಳು. ರಿಬ್ಬನ್ನು ಮುಂದೆ ಮುಂದೆ ಹೋಗುತ್ತಾ ಸಣ್ಣದಾಯಿತು. ಕೊನೆಗೆ ಗುರೂಜಿಯೇ ಹಿಂದೆ ಬಂದು ನನ್ನ ಕಾಲು ನೋಡಿ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಕೂರಿಸಿದರು. ಅಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಗೆ ನನ್ನನ್ನು ನೋಡಿಕೊಳ್ಳಲು ಹೇಳಿದರು. ಎಲ್ಲರನ್ನೂ ಕೂಗಿ ನಿಲ್ಲಿಸಿ, "ಯಾರರ ಈಕಿ ಜೋಡಿ ಕುಂದರತೀರೇನ? ನಾವು ಇದ ದಾರೀಲೆ ತಿರುಗಿ ಬರ್ತೀವಿ," ಎಂದು ಕೇಳಿದರು.

ಯಾರೂ ಕೈ ಎತ್ತಲಿಲ್ಲ. ರಿಬ್ಬನ್ನಿನ ಹುಡುಗಿ ನೆಲ ನೋಡುತ್ತಾ ನಿಂತಳು. ಅವಳದೇನು ತಪ್ಪು? ಹಳ್ಳದ ನೀರು ಬಿಟ್ಟು ಯಾರು ಕೂಡುತ್ತಾರೆ? ಇದು ಈಗ ಹೇಳುವ ಮಾತು. ಆಗ ಮಾತ್ರ ನಾನು ಅವರತ್ತ ಬೆನ್ನು ಮಾಡಿ ಕೂತೆ.

ಮಧ್ಯಾಹ್ನವಾಯಿತು. ಹಳ್ಳದ ಕಡೆಯಿಂದ ಕೇಕೆ ಕೇಳಿಸುತ್ತಿತ್ತು. ಮುದುಕಿ, "ಉಣ್ಣ ತಂಗಿ," ಎಂದಳು. ನಾನು ಬುತ್ತಿ ಬಿಚ್ಚಲಿಲ್ಲ. ಅವರು ಬಂದ ಮೇಲೆ ಜೊತೆಗೆ ಉಣ್ಣುತ್ತೇನೆ ಎಂದು ಹಸಿವು ತಡೆದುಕೊಂಡು ಕೂತೆ. ಬಿಸಿಲು ಇಳಿದ ಮೇಲೆ ಎಲ್ಲರೂ ಒದ್ದೆ ಲಂಗ ಹಿಂಡುತ್ತಾ ಬಂದರು. ನಾನು ಗಂಟು ಬಿಚ್ಚಿ ಹೋಳಿಗೆ ಮುಂದೆ ಹಿಡಿದೆ. "ನಮ್ದ್ ಹೊಟ್ಟಿ ತುಂಬೇತಿ," ಎಂದು ಅವರು ಮುಂದೆ ಹೋದರು.

ಮೂರು ಹೋಳಿಗೆ ಹಾಗೇ ಮನೆಗೆ ಒಯ್ಯುವಂತಿರಲಿಲ್ಲ. ಬಾವಿಯ ಹತ್ತಿರ ಕಟ್ಟಿದ್ದ ಎಮ್ಮೆಗೆ ಒಂದೊಂದಾಗಿ ತಿನ್ನಿಸಿದೆ. ಅದು ನನ್ನ ಕೈಯನ್ನೂ ನೆಕ್ಕಿತು.

ರಾತ್ರಿ ಅಕ್ಕ ಕಾಲಿಗೆ ಅರಿಶಿನ ಹಚ್ಚುತ್ತಾ, "ಹೋಳಿಗಿ ಹೆಂಗಿದ್ವಂತ?" ಎಂದು ಕೇಳಿದಳು.

"ಭಾಳ ಚೊಲೋ ಇದ್ವಂತ."

ಅವಳ ಮುಖ ಅರಳಿತು. "ಮುಂದಿನ ಸಲ ಆರ್ ಮಾಡ್ತೀನಿ," ಎಂದಳು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಮಕ್ಕಳೇ, ಮೊನ್ನೆ ನಿಮ್ಮ ಶಾಲೆಯವರೂ ಬೆಟ್ಟಕ್ಕೆ ಕರೆದೊಯ್ದಿದ್ದರು. ಮೊದಲ ದಿನದಿಂದಲೇ ಹತ್ತಿಯಂತೆ ಮೆತ್ತಗಿರುವ ಬೂಟು, ಬೆನ್ನಿಗೆ ಚೀಲ, ಬಾಟಲಿ, ಬಿಸ್ಕೀಟು, ಗ್ಲೂಕೋಸ್ ಪುಡಿ, ಹಿಂದೆ ಒಂದು ಜೀಪು. ಕಾಲು ನೋಯುವವರು ಯಾರೂ ಇರಲಿಲ್ಲವಂತೆ. ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ನೀವು ಮನೆಗೆ ಬರುವ ಮೊದಲೇ ನಿಮ್ಮ ಫೋಟೋ ನಿಮ್ಮ ಅಮ್ಮನ ಮೊಬೈಲಿಗೆ ಬಂದಿತ್ತು. ಎಲ್ಲರೂ ಎರಡು ಬೆರಳು ಎತ್ತಿ ನಗುತ್ತಿದ್ದಿರಿ. ಹಿಂದೆ ಒಂದು ಕಲ್ಲಿನ ಮೇಲೆ ಒಬ್ಬಳು ಹುಡುಗಿ ಡಬ್ಬಿ ತೆರೆದುಕೊಂಡು ಒಬ್ಬಳೇ ಕೂತಿದ್ದಳು. ಈಕಿ ಯಾರು ಎಂದು ಕೇಳಿದರೆ ನೀವು, "ಹೊಸದಾಗಿ ಬಂದಾಳ ಅಜ್ಜಿ, ಹೆಸರ ಗೊತ್ತಿಲ್ಲ," ಎಂದಿರಿ.

ಎಮ್ಮೆಯ ಸಂಗತಿಯನ್ನು ಅಕ್ಕನಿಗೆ ನಾನು ಅವಳ ಕೊನೆಯವರೆಗೂ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದ್ದೇನೆ. ನಾಳೆ ಶಾಲೆಗೆ ಹೋಗಿ ಆ ಹುಡುಗಿಯ ಹೆಸರು ಕೇಳಿಕೊಂಡು ಬನ್ನಿ.