ಪಕ್ಕದ ನಂಬರಿನವಳು

ಕುಂಬಾರವಾಡದ, ಆಫ್ರಿಕಾ ಮೂಲದ ಸಿದ್ದಿ ಮನೆತನದ ತುಳಸಾ ವಿಜ್ಞಾನ ತೆಗೆದುಕೊಂಡು ಪಿಯುಸಿ ಪಾಸಾದಾಗ ಅಪ್ಪ ಸೋಮಾ, "ಇನ್ನ ಓದೂದು ಮುಗೀತಲ್ಲ?" ಎಂದಷ್ಟೇ ಕೇಳಿದ. ೧೯೮೧ರಲ್ಲಿ ಅವಳು ದಾಂಡೇಲಿಗೆ ಬಂದು, ಬಾಲವಾಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಸಣ್ಣ ಖೋಲಿ ಹಿಡಿದಳು. ಬಸ್ಸಿನಲ್ಲಿ, ಸಂತೆಯಲ್ಲಿ ಜನ ಅವಳ ಗುಂಗುರು ಕೂದಲನ್ನೇ ನೋಡುತ್ತಿದ್ದರು. "ಯಾವ ದೇಶದಾಕಿ ನೀ?" ಎನ್ನುವವರಿಗೆ "ಇಲ್ಲೇ ಕುಂಬಾರವಾಡದಾಕಿ" ಎಂದು ಹೇಳಿ ಹೇಳಿ ಸಾಕಾಗಿ, ಮಾತನ್ನೇ ಕಡಿಮೆ ಮಾಡಿದಳು.

ಆ ಪ್ರಶ್ನೆ ಕೇಳದೆ ಮಾತಾಡಿಸಿದವಳು ಅದೇ ಓಣಿಯ ಮಾಲವ್ವ ಒಬ್ಬಳೇ. ಧಾರವಾಡ ಕಡೆಯವಳು, ಅವಳೂ ಪಿಯುಸಿ ಓದಿದವಳು. ಗಂಡ ಲಗಮಪ್ಪ ಕಾಗದದ ಗಿರಣಿಯಲ್ಲಿ ಪಾಳಿಯ ಕೆಲಸಗಾರ. ಸರ್ಕಾರಿ ಪ್ರಯೋಗಾಲಯ ಸಹಾಯಕರ ಪರೀಕ್ಷೆಯ ಜಾಹೀರಾತನ್ನು ಇಬ್ಬರೂ ವಾಚನಾಲಯದಲ್ಲಿ ಓದಿ, ಒಂದೇ ದಿನ ಅರ್ಜಿ ಹಾಕಿದರು. ಐದು ತಿಂಗಳು ಪ್ರತಿ ಸಂಜೆ ಮಾಲವ್ವನ ಹಿತ್ತಲಿನಲ್ಲಿ ರಸಾಯನಶಾಸ್ತ್ರ. ಬಟ್ಟೆ ಒಗೆಯುತ್ತಲೇ ಮಾಲವ್ವ ಕೇಳುವಳು:

"ಸೋಡಿಯಮ್ಮಿನ ಪರಮಾಣು ಸಂಖ್ಯೆ?"

"ಹನ್ನೊಂದು."

"ಅಂದ್ರ?"

"ಹನ್ನೊಂದು ಪ್ರೋಟಾನು."

"ಹಂಗಾದ್ರ ವೇಲೆನ್ಸಿ ಒಂದ ಯಾಕ?"

ತುಳಸಾ ತಡವರಿಸಿದರೆ, ಮಾಲವ್ವ ಒದ್ದೆ ಬೆರಳಿನಿಂದ ಕಲ್ಲಿನ ಮೇಲೆ ವೃತ್ತಗಳನ್ನು ಬರೆದು ಚುಕ್ಕೆ ಇಡುವಳು. ಎರಡು, ಎಂಟು, ಕೊನೆಗೆ ಒಂದು. "ಹೊರಗಿನ ಆ ಒಂದು ಎಲೆಕ್ಟ್ರಾನ್ ಕೊಟ್ಟ ಬಿಡ್ತೈತಿ. ತಿಳೀತಿಲ್ಲೋ?"

ಪರೀಕ್ಷೆಯ ಮುಂಜಾನೆ ಮಾಲವ್ವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಅವಳಿಗಾಗಿ ಕಾಯುತ್ತ ತುಳಸಾ, ಪರೀಕ್ಷೆ ಇದ್ದ ಧಾರವಾಡಕ್ಕೆ ಹೋಗುವ ಒಂದು ಬಸ್ಸು ಬಿಟ್ಟಳು. ಎರಡನೆಯದನ್ನು ಬಿಡುವಂತಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದ ನಂಬರಿನ ಬೆಂಚು, ಮಾಲವ್ವನದು, ಖಾಲಿ ಇತ್ತು. ಮೇಲ್ವಿಚಾರಕರು ಅಲ್ಲಿಟ್ಟಿದ್ದ ಪ್ರಶ್ನೆಪತ್ರಿಕೆಯನ್ನು ಅರ್ಧ ಗಂಟೆಯ ಮೇಲೆ ಎತ್ತಿಕೊಂಡು ಹೋದರು.

ಮರುದಿನ ಹೋದಾಗ ಮಾಲವ್ವ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡದೆ ಹೇಳಿದಳು: "ಇವರು ಬ್ಯಾಡ ಅಂದ್ರು. ಬ್ಯಾರೆ ಊರಿಗೆ ಹಾಕಿದ್ರ ಮನಿ ಯಾರ ನೋಡ್ತಾರ ಅಂದ್ರು." ರೊಟ್ಟಿಯನ್ನು ಹಂಚಿಗೆ ಹಾಕಿ, "ಪೇಪರ್ ತಂದೀಯೇನ? ಓದು," ಎಂದಳು.

ತುಳಸಾ ಓದತೊಡಗಿದಳು. "ನೀಲಿ ಲಿಟ್ಮಸ್ ಕೆಂಪಾದ್ರ?"

"ಆಮ್ಲ."

"ಸುಣ್ಣದ ತಿಳಿನೀರು ಬೆಳ್ಳಗ ಮಾಡೂ ಅನಿಲ?"

"ಇಂಗಾಲದ ಡೈಆಕ್ಸೈಡ್."

"ಬ್ಲೀಚಿಂಗ್ ಪೌಡರಿನಿಂದ ಬರೂದು?"

"ಕ್ಲೋರಿನ್. ದಿನಾ ಇವರ ಅಂಗಿ ಅದ ನಾರತೈತಲ್ಲ."

ಐವತ್ತೂ ಪ್ರಶ್ನೆ ಮುಗಿಯುವವರೆಗೆ ಮಾಲವ್ವನ ಕೈ ನಿಲ್ಲಲಿಲ್ಲ. ತುಳಸಾ ತಪ್ಪು ಬರೆದು ಬಂದಿದ್ದ ಕಡೆಯೂ ಅವಳ ಉತ್ತರ ಸರಿಯಾಗಿತ್ತು. ತುಳಸಾ ಪೇಪರನ್ನು ಮಡಚಿ ಚೀಲದಲ್ಲಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ತುಳಸಾಳಿಗೆ ನೇಮಕದ ಆದೇಶ ಬಂತು: ಮುಂಡಗೋಡದ ಆಸ್ಪತ್ರೆಯ ಪ್ರಯೋಗಾಲಯ. "ಚಲೋ ಆತು," ಎಂದ ಮಾಲವ್ವ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂಡಗೋಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೀಸೆ, ಪರೀಕ್ಷಾ ನಳಿಕೆ, ದ್ರಾವಣಗಳು. ಸಂಜೆ ಬೀಗ ಹಾಕಿದ ಮೇಲೆ ಮಾತಿಗೆ ಯಾರೂ ಇಲ್ಲ. ಮರುವರ್ಷ ಮತ್ತೆ ಅದೇ ಪರೀಕ್ಷೆ ಕರೆದಾಗ ತುಳಸಾ ಅರ್ಜಿಯ ನಮೂನೆಯನ್ನು ಮಾಲವ್ವನ ಹೆಸರಿಗೆ ದಾಂಡೇಲಿಗೆ ಕಳಿಸಿದಳು. ಹದಿನೈದು ದಿನಕ್ಕೆ ಲಕೋಟೆ ಒಡೆಯದೆ ಹಿಂದಿರುಗಿತು. ವಿಳಾಸದಾರರು ಊರು ಬಿಟ್ಟಿದ್ದಾರೆ ಎಂದು ಅಂಚೆಯವರು ಬರೆದಿದ್ದರು. ಎಲ್ಲಿಗೆ ಎಂದು ಬರೆದಿರಲಿಲ್ಲ. ತುಳಸಾ ಅದನ್ನು ಮೇಜಿನ ಖಾನೆಯಲ್ಲಿಟ್ಟು, ಹೊರಗೆ ಕಾಯುತ್ತಿದ್ದ ರೋಗಿಯನ್ನು ಒಳಗೆ ಕರೆದಳು.