ಬಣ್ಣದಕ್ಕನ ಹಸಿರು ಕೈ

ಬಣ್ಣದಕ್ಕನ ಕೈ ಸದಾ ಹಸಿರು. ಕೈಗವಸು ಹಾಕಿದರೂ ಆ ಹಾಳು ಬಣ್ಣ ಹೇಗೋ ಒಳಗೆ ನುಸುಳುತ್ತದೆ. ಅವಳು ಪ್ರಯೋಗಾಲಯದಲ್ಲಿ ತಯಾರಿಸುವ ಬಣ್ಣ ಬಟ್ಟೆಗೂ ಅಲ್ಲ, ಗೋಡೆಗೂ ಅಲ್ಲ, ಮೈಯೊಳಗಿನ ಗೆಡ್ಡೆಗೆ. ಸೂಜಿಯಲ್ಲಿ ಒಳಗೆ ಬಿಟ್ಟದ್ದು ಗೆಡ್ಡೆಗೆ ಹೋಗಿ ಅಂಟಬೇಕು. ಹೊರಗಿನಿಂದ ಲೇಸರ್ ಬೆಳಕು ಬಿಟ್ಟರೆ ಅದನ್ನು ಕುಡಿದು, ಚೂರು ಬಿಸಿಯಾಗಿ, ಸಣ್ಣದೊಂದು ಸದ್ದು ಮಾಡಬೇಕು. ಆ ಸದ್ದು ಕೇಳಿ ಯಂತ್ರ ಚಿತ್ರ ಬರೆಯುತ್ತದೆ. ಗೆಡ್ಡೆ ಎಲ್ಲಿದೆಯೆಂದು ಕೊಯ್ಯದೆಯೇ ಗೊತ್ತಾಗುತ್ತದೆ.

ಹೇಳುವುದೇನೋ ಸುಲಭ! ಒಂದು ಬೆರಳಿನಷ್ಟು ಆಳದಲ್ಲಿ ಜೋರಾಗಿ ಕೂಗುವ ಅವಳ ಬಣ್ಣಗಳು ನಾಲ್ಕು ಬೆರಳು ಆಳಕ್ಕೆ ಹೋದರೆ ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ರಕ್ತಮಾಂಸಗಳೇ ದಾರಿಯಲ್ಲಿ ನುಂಗಿಬಿಡುತ್ತವೆ. ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಬೆಳಕು. ಅದನ್ನು ಕುಡಿಯುವ ಬಣ್ಣ ಬೇಕು, ಅಂದರೆ ನೋಡಲು ಬಣ್ಣವೇ ಇಲ್ಲದ ಬಣ್ಣ. ಬಂದವರಿಗೆಲ್ಲ ಅವಳು ವರ್ಷಗಟ್ಟಲೆ ಒಪ್ಪಿಸಿದ ಗಿಳಿಪಾಠ ಇದು.

ಒಂದು ಬೆಳಿಗ್ಗೆ ಬಂದು ನೋಡುತ್ತಾಳೆ, ಹಿಂದಿನ ಸಂಜೆ ಕಾಯಲು ಬಿಟ್ಟಿದ್ದ ಹಸಿರು ದ್ರಾವಣ ಬರೀ ನೀರಿನಂತೆ ಪೇಲವವಾಗಿ ಕೂತಿದೆ. ಬಣ್ಣ ಕೆಟ್ಟರೆ ಹಾಗೇ ಆಗುವುದು, ಎಷ್ಟು ಸಲ ಆಗಿಲ್ಲ! ಅವಳಿಗೆ ಪಿತ್ತ ನೆತ್ತಿಗೇರಿತು. ಅಷ್ಟನ್ನೂ ತ್ಯಾಜ್ಯದ ಕ್ಯಾನಿಗೆ ಸುರಿದು ಸೀಸೆಯನ್ನು ಉಜ್ಜಿ ಉಜ್ಜಿ ತೊಳೆದಳು. ಆ ಸಿಟ್ಟಿಗೆ ಕೈಯೂ ಬೆಳ್ಳಗಾಯಿತು.

"ಅಬ್ಬ, ಇವತ್ತಾದ್ರೂ ಮನುಷ್ಯರ ಕೈ ಥರ ಇದೆ ಕಣೇ!" ಎಂದು ಮನೆಯಲ್ಲಿ ಅಮ್ಮ ಖುಷಿಪಟ್ಟರು.

ಮರುದಿನ, ಆ ಚಿತ್ರ ಬರೆಯುವ ಯಂತ್ರ ನಡೆಸುವ ಹುಡುಗ ಓಡೋಡಿ ಬಂದ.

"ಅಕ್ಕ, ಬೈಬೇಡಿ. ನಿನ್ನೆ ನೀವು ಬರೋ ಮುಂಚೆ ನಿಮ್ಮ ಸೀಸೆಯಿಂದ ಎರಡು ಹನಿ ಕದ್ದಿದ್ದೆ. ಕೋಳಿ ಮಾಂಸದ ಕೆಳಗಿಟ್ಟು ನೋಡ್ದೆ. ನಾಲ್ಕು ಬೆರಳು ಆಳದಿಂದ ಏನ್ ಸದ್ದು ಅಂತೀರ! ಉಳಿದಿದ್ದು ಕೊಡಿ."

ಅವಳು ಕೈಲಿದ್ದ ಸೀಸೆ ಕೆಳಗಿಟ್ಟಳು. "ಆ ಎರಡು ಹನಿ?"

"ಲೇಸರ್ ಬಿಟ್ಟೂ ಬಿಟ್ಟೂ ಸುಟ್ಟೇಹೋಯ್ತು. ಸೀಸೇಲಿ ಇನ್ನೂ ಇತ್ತಲ್ಲ?"

"ಚೆಲ್ಬಿಟ್ಟೆ."

"ಯಾಕಕ್ಕ?"

"ಬಣ್ಣಾನೇ ಇರ್ಲಿಲ್ವಲ್ಲೋ!"

ಬಾಯಿಂದ ಬಿದ್ದ ಮಾತು ತನಗೇ ಕೇಳಿಸಿ ಬಣ್ಣದಕ್ಕ ಹಣೆ ಚಚ್ಚಿಕೊಂಡಳು. ಕ್ಯಾನಿನಲ್ಲಿ ಅದು ಆಗಲೇ ಇಡೀ ಪ್ರಯೋಗಾಲಯದ ಕೊಳಕಿನ ಜೊತೆ ಕಲೆತುಹೋಗಿತ್ತು. ಹೋಗಲಿ, ಮತ್ತೆ ಮಾಡೋಣವೆಂದರೆ ಆ ರಾತ್ರಿ ಅದು ತಿಳಿಯಾದದ್ದು ಯಾಕೆಂದು ಯಾರಿಗೆ ಗೊತ್ತು? ಕಾವು ಹೆಚ್ಚಾಗಿತ್ತೋ, ಮುಚ್ಚಳ ಸಡಿಲವಿತ್ತೋ, ಸೀಸೆಯಲ್ಲಿ ಹಳೆಯದೇನೋ ಉಳಿದಿತ್ತೋ? ಎಲ್ಲವನ್ನೂ ಮಾಡಿ ನೋಡಿದಳು, ಈಗಲೂ ನೋಡುತ್ತಿದ್ದಾಳೆ. ಪ್ರತಿ ಸಲವೂ ಹೊಳೆಯುವ ಹಸಿರೇ ಬರುತ್ತದೆ. ನೋಡಿದವರು "ಎಷ್ಟು ಚೆನ್ನಾಗಿದೆ!" ಅನ್ನುವಾಗ ಅವಳ ಮೈಯೆಲ್ಲ ಉರಿಯುತ್ತದೆ.

ಅಮ್ಮನಿಗೂ ವಿಷಯ ತಿಳಿದಿದೆ. ಹಿಂದೆ ಗೊಣಗುತ್ತಿದ್ದವರು ಈಗ ಮಗಳು ಬಂದೊಡನೆ ಬಾಗಿಲಲ್ಲೇ ಅವಳ ಕೈ ಹಿಡಿದು ದೀಪದ ಕಡೆ ತಿರುಗಿಸಿ ನೋಡುತ್ತಾರೆ. ನಿನ್ನೆಯೂ ನೋಡಿದರು, ಹಸಿರೇ. ಒಳಗಿನಿಂದ ಸೋಪು ತಂದು, ಒಂದೊಂದೇ ಬೆರಳನ್ನು ತಾವೇ ಉಜ್ಜತೊಡಗಿದರು.

"ಹೋಗಲ್ಲಮ್ಮ ಅದು," ಎಂದಳು ಬಣ್ಣದಕ್ಕ.

ಅಮ್ಮ ಉಜ್ಜುತ್ತಲೇ ಇದ್ದರು.